ಹೋದ ಗುರುವಾರದ ಕಣ್ಣೀರು

"ನನ್ನ ಲ್ಯಾಂಪ್ ಮುಟ್ಟೋಕೆ ನಿಮಗೆ ಹೇಳಿದ್ಯಾರು?"

ರಂಗನಾಯಕಿಯ ದನಿ ಎಷ್ಟು ಮೇಲೇರಿತ್ತೆಂದರೆ, ಹೊರಗೆ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿದ್ದ ಹತ್ತು ಹನ್ನೆರಡು ಜನ ಒಟ್ಟಿಗೆ ಮಾತು ನಿಲ್ಲಿಸಿದರು.

"ಡಾಕ್ಟ್ರು ಹೇಳಿದ್ರು. ಸರ್ವೀಸ್ ಮಾಡಿ ಅಂದ್ರು, ಮಾಡ್ದೆ," ಎಂದ ಆ ಗಂಡಸು. ತಲೆ ಕೂಡ ಎತ್ತಲಿಲ್ಲ. ಸ್ಕ್ರೂಡ್ರೈವರನ್ನು ಬಟ್ಟೆಗೆ ಒರೆಸುತ್ತಿದ್ದ.

"ಸರ್ವೀಸ್ ಅಂದ್ರೆ ಧೂಳು ಒರೆಸಿ, ಎಣ್ಣೆ ಬಿಟ್ಟು ಹೋಗೋದು. ಬೆಳಕನ್ನ ಅರ್ಧಕ್ಕೆ ಇಳ್ಸಿ ಇಟ್ಟಿದೀರಲ್ಲ, ನಾನೇನು ತಡಕಾಡ್ಕೊಂಡು ಕಣ್ಣು ನೋಡ್ಬೇಕಾ?"

"ನಿಮ್ಮ ಹಳೇ ಬೆಳಕಲ್ಲಿ ಕೂರಿಸಿದ್ರೆ ಬಸವನಗುಡಿ ಕಲ್ಲು ಬಸವನ ಕಣ್ಣಲ್ಲೂ ನೀರು ಬರುತ್ತೆ ಮೇಡಂ. ಕಣ್ಣೀರು ಸರಿಯಾಗಿದೆ ಅಂತ ನೀವು ಬರೆದಿರೋದೆಲ್ಲ ಸುಳ್ಳು."

ಸುಳ್ಳು...

ಹತ್ತು ವರ್ಷದ ದುಡಿಮೆಗೆ ಒಂದೇ ಮಾತಲ್ಲಿ ಹೆಸರಿಟ್ಟುಬಿಟ್ಟನಲ್ಲ ಇವನು!

ಅವಳ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ರಿಪೇರಿಯವನು ರಿಪೇರಿಯವನಂತೆ ಇರಬೇಕು, ಕಣ್ಣಿನ ವಿದ್ಯೆ ಕಲಿಸಲು ಬರಬಾರದು ಎಂದಳು. ಅನ್ನುತ್ತಿರುವಾಗಲೇ ಎರಡೂ ಕಣ್ಣು ತುಂಬಿ ನೀರು ಕೆನ್ನೆಗಿಳಿಯಿತು. ಅದು ಅವಳ ಹಳೆಯ ಶನಿ. ಸಿಟ್ಟು ಬಂದರೂ ನೀರು, ಗಾಳಿ ಬೀಸಿದರೂ ನೀರು, ಸುಮ್ಮನೆ ಕೂತರೂ ನೀರು.

ಆಗ ಅವನು ಮೊದಲ ಸಲ ತಲೆ ಎತ್ತಿ ನೋಡಿದ.

"ನಿಮ್ಮ ಕಣ್ಣು ಎಷ್ಟು ವರ್ಷದಿಂದ ಹೀಗಿದೆ?"

ಇಷ್ಟು ಜನರ ಮುಂದೆ ಕೇಳುವ ಪ್ರಶ್ನೆಯಾ ಅದು? ರಂಗನಾಯಕಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಾಗಿಲು ತೋರಿಸಿದಳು. ಅವನು ಸಾಮಾನಿನ ಡಬ್ಬಿ ಎತ್ತಿಕೊಂಡು ಹೋದ. ಹೋಗುವಾಗ, "ಮುಂದಿನ ಗುರುವಾರ ಬರ್ತೀನಿ," ಎಂದು ಹೇಳಿಯೇ ಹೋದ.

ಎಂಥ ಭಂಡ...

ಅದು ತೊಂಬತ್ತೆಂಟರ ಜೂನ್ ತಿಂಗಳು. ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿ ಧರ್ಮಾರ್ಥವಾಗಿ ನಡೆಯುತ್ತಿದ್ದ ಕಣ್ಣಿನ ಚಿಕಿತ್ಸಾಲಯ. ಎಪ್ಪತ್ತರ ಹತ್ತಿರದ ಡಾಕ್ಟರ್ ಸಂಕರ್ಷಣ ಬೆಳಿಗ್ಗೆ ಎರಡು ತಾಸು ಬಂದು ಹೋಗುತ್ತಿದ್ದರು. ಅವರು ಬರುವಷ್ಟರಲ್ಲಿ ಎಲ್ಲರ ಕಣ್ಣು ಪರೀಕ್ಷಿಸಿ ಚೀಟಿ ಬರೆದಿಡುವುದು ರಂಗನಾಯಕಿಯ ಕೆಲಸ. ಅವಳಿಗೆ ಮೂವತ್ತಾರು ವರ್ಷ. ಮದುವೆಯಾಗಿರಲಿಲ್ಲ.

ಅವಳು 'ನನ್ನ ಲ್ಯಾಂಪ್' ಎಂದದ್ದು ಮೇಜಿನ ಮೇಲಿನ ಸ್ಲಿಟ್ ಲ್ಯಾಂಪನ್ನು. ರೋಗಿ ಒಂದು ಕಡೆ ಗಲ್ಲವನ್ನು ಊರಿ, ಹಣೆಯನ್ನು ಪಟ್ಟಿಗೆ ಒತ್ತಿ ಕೂರಬೇಕು. ಇನ್ನೊಂದು ಕಡೆಯಿಂದ ಗರಿಯಷ್ಟು ತೆಳುವಾದ ಬೆಳಕು ಬಿಟ್ಟು, ಜೋಡಿ ಮಸೂರದಲ್ಲಿ ಕಣ್ಣನ್ನು ಇಪ್ಪತ್ತು ಪಟ್ಟು ದೊಡ್ಡದಾಗಿ ನೋಡಬಹುದು. ಅಣ್ಣನ ಮನೆಯಲ್ಲಿ ಅವಳದ್ದೆನ್ನುವ ಒಂದು ಮೊಳೆಯೂ ಇರಲಿಲ್ಲ. ಅದಕ್ಕೇ ಈ ಲ್ಯಾಂಪಿನ ಮೇಲೆ ಅಷ್ಟು ಮಮತೆ.

ಸಿಟ್ಟು ಇಳಿದ ಮೇಲೆ ಅವನ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅಲ್ಲಿ ನಡೆದುಬಂದ ಕ್ರಮವೇನೆಂದರೆ, ಕಣ್ಣೀರಿನ ಅಳತೆಯ ಕಾಗದದ ಪಟ್ಟಿಯನ್ನು ಮೊದಲೇ ರೆಪ್ಪೆಯೊಳಗೆ ಸಿಕ್ಕಿಸಿಬಿಡುವುದು. ಅದು ನೆನೆಯಲು ಐದು ನಿಮಿಷ ಬೇಕಲ್ಲ, ಅಷ್ಟರಲ್ಲಿ ಇನ್ನೊಬ್ಬರನ್ನು ನೋಡಬಹುದು ಎಂದು. ಆಮೇಲೆ ಪೂರ್ತಿ ಬೆಳಕು ಬಿಟ್ಟು, ಹಳದಿ ಬಣ್ಣ ಹಾಕಿ, ಕಣ್ಣೀರಿನ ಪದರ ಎಷ್ಟು ಹೊತ್ತು ಒಡೆಯದೆ ನಿಲ್ಲುತ್ತದೆ ಎಂದು ಎಣಿಸುವುದು. ಕಾಗದ ಚುಚ್ಚಿ, ಬೆಳಕು ಹೊಡೆದರೆ ಯಾವ ಕಣ್ಣಾದರೂ ನೀರು ಸುರಿಸುತ್ತದೆ. ಆ ನೀರನ್ನೇ ಅಳೆದು 'ಸರಿಯಾಗಿದೆ' ಎಂದು ಬರೆಯುತ್ತ ಬಂದಿದ್ದಳು. ಸಾಲು ಬೇಗ ಕರಗಲಿ ಎಂದು ಮಾಡಿಕೊಂಡ ಪದ್ಧತಿ. ಯಾರೂ ಪ್ರಶ್ನಿಸಿರಲಿಲ್ಲ.

ಹೂ ಮಾರುವ ತಿಮ್ಮಕ್ಕ ನಾಲ್ಕು ಸಲ ಬಂದಿದ್ದಳು. ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತದೆ, ಉರಿ ತಡೆಯಲಾರೆ ಎಂದಿದ್ದಳು. ನಾಲ್ಕು ಸಲವೂ ರಂಗನಾಯಕಿ ಸರಿಯಾಗಿದೆ ಎಂದೇ ಬರೆದಿದ್ದಳು. ಕೊನೆಯ ಸಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬುದ್ಧಿಯನ್ನೂ ಹೇಳಿ ಕಳಿಸಿದ್ದಳು.

ಮುಂದಿನ ಗುರುವಾರ ಅವನು ಬಂದಾಗ ತಿಮ್ಮಕ್ಕ ಐದನೆಯ ಸಲ ಬಂದು ಬೆಂಚಿನ ಮೇಲೆ ಕೂತಿದ್ದಳು.

ಅವನ ಹೆಸರು ಮುತ್ತುರಾಜ್. ಒಂದೊಂದು ದಿನ ಒಂದೊಂದು ದಿಕ್ಕಿನ ಕಣ್ಣಿನ ಆಸ್ಪತ್ರೆಗಳಿಗೆ ಹೋಗಿ ಯಂತ್ರ ಸರಿಪಡಿಸುವವನು. ಈ ಸಲ ಚೀಲದಿಂದ ಒಂದು ವಿಚಿತ್ರ ವಸ್ತು ತೆಗೆದ. ನಗರ್ತಪೇಟೆಯಲ್ಲಿ ಕೊಂಡ ಸಣ್ಣ ಸ್ಟೀಲ್ ಬೋಗುಣಿ. ಒಳಗೆ ಬಿಳಿ ಬಣ್ಣ ಬಳಿದು, ಹಳೆಯ ಫ್ಯಾಕ್ಸ್ ಮಷೀನುಗಳಿಂದ ಕಿತ್ತ ಕಡ್ಡಿಯಂಥ ಟ್ಯೂಬುಗಳನ್ನು ಸುತ್ತ ಕೂರಿಸಿದ್ದ. ತಳದಲ್ಲಿ ನಾಲ್ಕಾಣೆಯಷ್ಟು ತೂತು.

"ಇದು ಬಿಸಿ ಇಲ್ಲದ ಬೆಳಕು. ಕಣ್ಣು ಮುಟ್ಟಲ್ಲ, ಚುಚ್ಚಲ್ಲ, ಬಣ್ಣ ಹಾಕಲ್ಲ. ನೀವೇ ನೋಡಿ," ಎಂದ.

ಬೇಡ ಎನ್ನಬೇಕೆಂದಿದ್ದಳು. ಆದರೆ ತಿಮ್ಮಕ್ಕನ ಕೆಂಡದಂಥ ಕಣ್ಣು ಎದುರಿಗಿತ್ತು.

ರಂಗನಾಯಕಿ ಅವಳನ್ನು ಲ್ಯಾಂಪಿನ ಮುಂದೆ ಕೂರಿಸಿ, ಬೋಗುಣಿಯ ತೂತಿನಿಂದ ನೋಡಿದಳು. ಅಬ್ಬ... ಒದ್ದೆ ರಸ್ತೆಯ ಮೇಲೆ ಪೆಟ್ರೋಲ್ ಹನಿ ಬಿದ್ದರೆ ಬಣ್ಣ ಹರಡುವುದಿಲ್ಲವೇ, ಕಣ್ಣಿನ ಮೇಲೆ ಅಂಥದೇ ಬಣ್ಣ ತೇಲುತ್ತಿತ್ತು. ಕಣ್ಣೀರಿನ ಮೇಲಿನ ಎಣ್ಣೆಯ ಪದರ ಅದು. ಹತ್ತು ವರ್ಷ ಕಣ್ಣು ನೋಡಿದವಳು ಅದನ್ನು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಒಂದು... ಎರಡು... ಎರಡೆನ್ನುವಷ್ಟರಲ್ಲಿ ಬಣ್ಣ ಹರಿದು ಚಿಂದಿಯಾಯಿತು. ಕಪ್ಪು ಕಲೆ ಬಿಟ್ಟುಕೊಂಡಿತು. ಒಣನೆಲ.

ಹತ್ತು ಎಣಿಸುವವರೆಗಾದರೂ ನಿಲ್ಲಬೇಕಾದ ಪದರ ಎರಡಕ್ಕೇ ಒಡೆದಿತ್ತು. ಆ ಹೆಂಗಸು ತಿಂಗಳಾನುಗಟ್ಟಲೆ ಹೇಳಿದ್ದು ನಿಜ. ಇವಳು ಬರೆದದ್ದು ಸುಳ್ಳು.

ರಂಗನಾಯಕಿ ತಿಮ್ಮಕ್ಕನ ಕೈ ಹಿಡಿದು ತಪ್ಪಾಯಿತೆಂದಳು. ತಿಮ್ಮಕ್ಕ ಗಾಬರಿಯಾಗಿ, ಅಯ್ಯೋ ಬಿಡಿ ತಾಯಿ, ಔಷಧ ಕೊಡಿ ಸಾಕು ಎಂದಳು. ಡಾಕ್ಟರ್ ಸಂಕರ್ಷಣ ತಾವೂ ತೂತಿನಿಂದ ನೋಡಿ, ನಾಳೆಯಿಂದ ಕಾಗದದ ಪಟ್ಟಿ ಕೊನೆಗೆ ಎಂದು ಕ್ರಮ ಬದಲಿಸಿದರು.

ಮುತ್ತುರಾಜ್ ಗೆದ್ದವನ ಹಾಗೆ ನಗಬಹುದಿತ್ತು. ನಗಲಿಲ್ಲ. ಅದೇ ಅವಳಿಗೆ ಹಿಡಿಸಿತು.

ರೋಗಿಗಳೆಲ್ಲ ಹೋದ ಮೇಲೆ ಅವನು ಮತ್ತೆ ಅದೇ ಪ್ರಶ್ನೆ ಕೇಳಿದ. ಈ ಸಲ ಮೆಲ್ಲಗೆ.

"ನಿಮ್ಮ ಕಣ್ಣು... ಎಷ್ಟು ವರ್ಷದಿಂದ?"

ಅವಳಿಗೆ ಹೇಳಲು ಮನಸ್ಸಿರಲಿಲ್ಲ. ಆದರೂ ಹೇಳಿದಳು. ಯಾರೂ ಕೇಳದೆ ಎಷ್ಟು ಕಾಲವಾಗಿತ್ತೋ ಏನೋ, ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ.

ಇಪ್ಪತ್ತರಲ್ಲಿ ಶುರುವಾದದ್ದು. ಮೊದಲ ಸಲ ಗಂಡಿನ ಕಡೆಯವರು ನೋಡಲು ಬಂದಾಗ, ತಟ್ಟೆ ಹಿಡಿದು ಬಂದು ನಿಂತವಳ ಕಣ್ಣಿಂದ ದಳದಳ ನೀರು ಇಳಿಯಿತು. ಹುಡುಗಿಗೆ ಇಷ್ಟವಿಲ್ಲ, ಬಲವಂತ ಮಾಡುತ್ತಿದ್ದೀರಿ ಎಂದು ಅವರು ಎದ್ದು ಹೋದರು. ಎರಡನೆಯವರು ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ ಎಂದರು. ಮೂರನೆಯವರು ಶುಭಕಾರ್ಯದಲ್ಲಿ ಕಣ್ಣೀರು ಹಾಕುವ ಹೆಣ್ಣು ಮನೆಗೆ ಆಗಿಬರುವುದಿಲ್ಲ ಎಂದು ಮುಖಕ್ಕೇ ಹೇಳಿದರು. ನಾಲ್ಕನೆಯವರು ಬರಲೇ ಇಲ್ಲ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಣ್ಣ ವೆಂಕಟಾಚಲ ಗಂಡು ಹುಡುಕುವುದನ್ನು ಬಿಟ್ಟ. ಅತ್ತಿಗೆ ಶೈಲಜಮ್ಮನಿಗೂ ಅವಸರವಿರಲಿಲ್ಲ. ಮನೆಯ ಚಾಕರಿಗೆ ಸಂಬಳವಿಲ್ಲದ ಒಂದು ಜೀವ ಸಿಕ್ಕಿದ ಮೇಲೆ ಯಾರು ತಾನೇ ಕಳಿಸಿಕೊಡುತ್ತಾರೆ? ಮೊದಲು ಏಳುವವಳು ಇವಳು. ಕೊನೆಗೆ ಉಣ್ಣುವವಳು ಇವಳು. ಅರಿಶಿನ ಕುಂಕುಮಕ್ಕೆ ಜನ ಬರುವ ದಿನ ಮಾತ್ರ ಹಿಂದಿನ ಕೋಣೆಯಲ್ಲಿರು ಎನ್ನುತ್ತಿದ್ದರು. ಆ ಕೋಣೆಯಲ್ಲಿ ಕೂತು, ನಡುಮನೆಯ ನಗು ಕೇಳುತ್ತ, ಬಾಳೆಎಲೆ ಒರೆಸಿ ಒರೆಸಿ ಜೋಡಿಸಿಡುತ್ತಿದ್ದಳು.

ಮುತ್ತುರಾಜ್ ಎಲ್ಲ ಕೇಳಿ, ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದ.

ಅವಳು ಮೊದಲ ಸಲ ಲ್ಯಾಂಪಿನ ಆಚೆ ಬದಿಯಲ್ಲಿ ಕೂತಳು. ಗಲ್ಲ ಊರಿದಳು. ಹಣೆ ಒತ್ತಿದಳು. ತಣ್ಣನೆಯ ಬಿಳಿ ಬೆಳಕು ಕಣ್ಣಿನ ತುಂಬ ಹರಡಿತು.

"ಮಿಟುಕಿಸ್ಬೇಡಿ... ಹಾಗೇ..."

ಯಾರಾದರೂ ತನ್ನನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿದ್ದು ಯಾವಾಗ? ನೆನಪಾಗಲಿಲ್ಲ. ನೆನಪಾಗಲು ಅಂಥದ್ದೊಂದು ಇರಲೂ ಇಲ್ಲ.

"ನಾಲ್ಕು ಸೆಕೆಂಡಿಗೆ ಒಡೀತಾ ಇದೆ," ಎಂದ ಅವನು. "ನಿಮ್ಮದು ಒಣಗಣ್ಣು ಮೇಡಂ. ಮೇಲಿನ ಎಣ್ಣೆ ಸಾಲದು. ಪದರ ಹರಿದು ಕಣ್ಣು ಒಣಗುತ್ತೆ, ಉರಿಯುತ್ತೆ. ಉರಿ ತಾಳಲಾರದೆ ತಾನೇ ನೀರು ಸುರ್ಸುತ್ತೆ. ಆ ನೀರೂ ನಿಲ್ಲಲ್ಲ. ಇದು ಅಳು ಅಲ್ಲ. ಅಪಶಕುನವೂ ಅಲ್ಲ."

ಹದಿನಾರು ವರ್ಷ!

ಹದಿನಾರು ವರ್ಷದಲ್ಲಿ ಒಬ್ಬರೂ ಹೇಳದ ಮಾತನ್ನು ಸ್ಕ್ರೂಡ್ರೈವರ್ ಹಿಡಿದು ಬಂದವನು ಹೇಳಿದ. ಅವಳ ಹಣೆಯ ಮೇಲೆ ಎಳೆದಿದ್ದ ಬರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಒರೆಸಿ ಹಾಕಿದ. ಒಳಕೋಣೆಯಲ್ಲಿದ್ದ ಡಾಕ್ಟರು ಕಣ್ಣಿಗೆ ಹನಿ ಬರೆದುಕೊಟ್ಟರು, ಬೆಳಿಗ್ಗೆ ಸಂಜೆ ರೆಪ್ಪೆಗೆ ಬಿಸಿ ಬಟ್ಟೆಯ ಶಾಖ ಕೊಡಲು ಹೇಳಿದರು. ಆವತ್ತು ಮನೆಗೆ ಹೋಗುವಾಗ ರಂಗನಾಯಕಿಗೆ ಯಾರಿಗಾದರೂ ಹೇಳಬೇಕೆನ್ನಿಸಿತು. ಅಡುಗೆಮನೆಯಲ್ಲಿ ಅತ್ತಿಗೆಗೆ ಹೇಳತೊಡಗಿದಳು. ಶೈಲಜಮ್ಮ ಪೂರ್ತಿ ಕೇಳದೆ, ಸಾರಿಗೆ ಉಪ್ಪು ಹಾಕಿದೆಯೋ ಎಂದಳು.

ಆಮೇಲಿನದ್ದು ಗುರುವಾರಗಳ ಕತೆ.

ಹಳೆಯ ಲ್ಯಾಂಪಿಗೆ ಬೋಗುಣಿಯನ್ನು ಸರಿಯಾಗಿ ಕೂರಿಸಬೇಕಿತ್ತು. ಅದಕ್ಕೆ ಪ್ರತಿ ವಾರ ಒಂದು ಕಣ್ಣು ಬೇಕು. ಆ ಕಣ್ಣು ಅವಳದೇ. ಹನ್ನೊಂದೂವರೆಗೆ ಡಾಕ್ಟರು ಹೊರಟ ಮೇಲೆ ಮುತ್ತುರಾಜ್ ಬಂದು ಟ್ಯೂಬು ಬದಲಿಸುವನು, ತಿರುಪು ತಿರುಗಿಸುವನು, ಅವಳ ಕಣ್ಣು ನೋಡಿ ಆ ವಾರದ ಲೆಕ್ಕ ಹೇಳುವನು. ನಾಲ್ಕು ಇದ್ದದ್ದು ಐದಾಯಿತು. ಐದು ಏಳಾಯಿತು. ಗೌರಿ ಹಬ್ಬದ ಹೊತ್ತಿಗೆ ಎಂಟು.

ಅವಳು ಗೊಜ್ಜವಲಕ್ಕಿ ತರುತ್ತಿದ್ದಳು. ಅವನು ಅವಳ ತಿಂಡಿ ಡಬ್ಬಿಯ ಮುಚ್ಚಳದಲ್ಲಿ ಹಾಕಿಸಿಕೊಂಡು, ಹುಳಿ ಸ್ವಲ್ಪ ಮುಂದು ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದ. ತನ್ನ ವಿಷಯವನ್ನೂ ಅಷ್ಟೇ ನೇರವಾಗಿ ಹೇಳಿದ. ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದವರು. ತಾವು ಬೌದ್ಧರು. ತಾನು ಐಟಿಐ ಓದಿ, ಯಂತ್ರ ಬಿಚ್ಚಿ ಬಿಚ್ಚಿ ಕಲಿತದ್ದು. ಮೂವತ್ತೊಂಬತ್ತಾದರೂ ಮದುವೆಯಾಗಿಲ್ಲ. ಕಲಾಸಿಪಾಳ್ಯದಲ್ಲಿ ಬಸ್ಸುಗಳ ಸದ್ದಿನ ಹಿಂದೆ ಒಂದು ಕೋಣೆ, ಒಬ್ಬನೇ. ಅಕ್ಕ ಮಾರಕ್ಕ ಮಲ್ಲೇಶ್ವರದ ಆಚೆ ಶ್ರೀರಾಮಪುರದಲ್ಲಿದ್ದಾಳೆ.

ಇದನ್ನೆಲ್ಲ ಕೇಳಿದ ಮೇಲೂ ಅವಳು ಮುಂದಿನ ಗುರುವಾರ ಅದೇ ಡಬ್ಬಿಯಲ್ಲಿ ತಿಂಡಿ ತಂದು, ಅದೇ ಮುಚ್ಚಳದಲ್ಲಿ ಹಾಕಿಕೊಟ್ಟಳು. ಅವನು ಗಮನಿಸಿದ.

ಶುಕ್ರವಾರದಿಂದ ಬುಧವಾರದವರೆಗೆ ಅವಳ ಬದುಕು ಎಂದಿನಂತೆ. ಮನೆಯಲ್ಲಿ ಐದು ಜನರಿದ್ದೂ ಒಬ್ಬಳೇ. ಊಟದ ತಟ್ಟೆ ಹಿಡಿದು ಅಡುಗೆಮನೆಯ ಕಟ್ಟೆಯ ಮೇಲೆ ಕೂತಾಗ, ಇದನ್ನು ಅವನಿಗೆ ಹೇಳಬೇಕು, ಅದನ್ನು ಹೇಳಬೇಕು ಎಂದು ಮನಸ್ಸಿನಲ್ಲೇ ಕೂಡಿಡುತ್ತಿದ್ದಳು. ಗುರುವಾರ ಬಂದಾಗ ಅರ್ಧ ಮರೆತಿರುತ್ತಿತ್ತು. ಉಳಿದರ್ಧ ಹೇಳಲು ನಾಚಿಕೆ.

ಇದಕ್ಕೆ ಏನೆನ್ನುತ್ತಾರೆ? ಈ ವಯಸ್ಸಿನಲ್ಲಿ...

ಬೇಡ. ಹೆಸರಿಡುವುದು ಬೇಡ. ಹೆಸರಿಟ್ಟರೆ ಯಾರಾದರೂ ಕಿತ್ತುಕೊಳ್ಳುತ್ತಾರೆ.

ನವೆಂಬರ್ ಮೊದಲ ಗುರುವಾರ ಅವನು ಟ್ಯೂಬು ಬದಲಿಸಲಿಲ್ಲ. ಸಾಮಾನಿನ ಡಬ್ಬಿಯನ್ನೂ ತೆರೆಯಲಿಲ್ಲ. ಕಿಟಕಿಯ ಬಳಿ ನಿಂತು ಹೇಳಿದ. ಕಲಬುರಗಿಯಲ್ಲಿ ದೊಡ್ಡ ಕಣ್ಣಿನ ಆಸ್ಪತ್ರೆ ಬರುತ್ತಿದೆಯಂತೆ. ಯಂತ್ರಗಳ ವರ್ಕ್‌ಶಾಪಿಗೆ ಇವನನ್ನೇ ಮುಖ್ಯಸ್ಥನಾಗಿ ಕರೆದಿದ್ದಾರೆ. ಇಂಥ ಬೋಗುಣಿಗಳನ್ನು ಮಾಡಿ ಸುತ್ತಲಿನ ಊರುಗಳಿಗೆಲ್ಲ ಕೊಡಬಹುದು. ತಿಂಗಳ ಕೊನೆಗೆ ಅಲ್ಲಿರಬೇಕು.

"ಹೋಗ್ಲಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ಇದೀನಿ," ಎಂದ.

ಒಂದು ಮಾತಿಗಾಗಿ ಅವನು ನಿಂತಿದ್ದ. 'ಬೇಡ' ಎಂಬ ಒಂದೇ ಮಾತು. ಅದನ್ನು ಹೇಳಿಸುವ ಅಧಿಕಾರ ತನಗಿಲ್ಲ, ಅವಳ ಮನೆಯೆಲ್ಲಿ ತನ್ನ ಮನೆಯೆಲ್ಲಿ ಎಂಬ ಅಳುಕು ಅವನೊಳಗೆ ಕೂತಿತ್ತು. ಅವಳಾಗಿಯೇ ಹೇಳಿದರೆ ಎಂಬ ಆಸೆ ಅದಕ್ಕಿಂತ ಕೆಳಗೆ ಕೂತಿತ್ತು.

ರಂಗನಾಯಕಿಯ ಎರಡೂ ಕಣ್ಣು ತುಂಬಿ, ತುಳುಕಿ, ನೀರು ಧಾರೆಯಾಗಿ ಇಳಿಯಿತು. ಇಷ್ಟು ವರ್ಷ ಅರ್ಥವಿಲ್ಲದೆ ಸುರಿದ ಕಣ್ಣು, ಇವತ್ತು ಅರ್ಥವಿಟ್ಟುಕೊಂಡೇ ಸುರಿಯಿತು. ಬಾಯಿ ಹೇಳಲಾರದ್ದನ್ನು ಕಣ್ಣು ಹೇಳುತ್ತಿದೆ, ಇವನು ನೋಡುತ್ತಾನೆ, ಇವನಿಗೆ ತಿಳಿಯುತ್ತದೆ... ಅವಳು ಮುಖ ತಿರುಗಿಸಲಿಲ್ಲ.

ಅವನು ನೋಡಿದ.

ನೋಡಿ, ಗೋಡೆಯ ಬಳಿ ಹೋಗಿ ಫ್ಯಾನ್ ಆರಿಸಿದ.

"ಇವತ್ತು ಹನಿ ಹಾಕ್ಕೊಂಡಿಲ್ವಾ? ಫ್ಯಾನ್ ಕೆಳಗೇ ಕೂತಿದೀರಿ ನೋಡಿ."

ರೆಕ್ಕೆಗಳು ನಿಧಾನವಾಗಿ ಸುತ್ತು ಕಡಿಮೆ ಮಾಡಿ ನಿಂತವು.

ಅಳು ಅಲ್ಲ ಎಂದು ಅವನೇ ಹೇಳಿಕೊಟ್ಟಿದ್ದ. ಲೋಕವೆಲ್ಲ ಅಳು ಎಂದಾಗ ಅವನೊಬ್ಬ ಅಲ್ಲ ಎಂದಿದ್ದ. ಆ ಮಾತಿಗೇ ಅವಳು ಮನಸ್ಸು ಕೊಟ್ಟದ್ದು. ಈಗ ಅದೇ ಮಾತು ಅವಳ ಕುತ್ತಿಗೆಗೆ ಬಂದಿತ್ತು. ನಿಜವಾಗಿ ಅತ್ತರೂ ನಂಬುವವರಿಲ್ಲ.

"ಹೌದು," ಎಂದಳು. "ಹಾಕ್ಕೊಂಡಿಲ್ಲ."

ಆಮೇಲೆ ಅವಳು ಒಳ್ಳೆಯ ಕೆಲಸ, ಹೋಗಿ ಎಂದಳು. ಅವನು ತಲೆಯಾಡಿಸಿದ. ಅದೇ ಉತ್ತರ ಎಂದುಕೊಂಡು ಮೆಟ್ಟಿಲಿಳಿದು ಹೋದ.

ಆ ವಾರ ರಂಗನಾಯಕಿ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಹೇಳಲು ಯಾರಿದ್ದರು? ಬಟ್ಟೆ ಒಗೆದಳು, ಅಡುಗೆ ಮಾಡಿದಳು, ಅಣ್ಣನ ಮಗಳು ದೀಪ್ತಿಗೆ ಜಡೆ ಹೆಣೆದಳು. ಯಾಕತ್ತೆ ಕಣ್ಣಲ್ಲಿ ನೀರು ಎಂದು ಮಗು ಕೇಳಿದಾಗ, ಒಳಗಿಂದ ಅತ್ತಿಗೆಯೇ ಉತ್ತರ ಕೊಟ್ಟಳು. ಅವಳ ಕಣ್ಣು ಯಾವಾಗಲೂ ಹಾಗೇ.

ಹಾಗೇ...

ನಾನು ಸತ್ತರೂ ಅವಳು ಯಾವಾಗಲೂ ಹಾಗೇ ಎನ್ನುತ್ತಾರೋ ಏನೋ ಎಂದುಕೊಂಡಳು. ನಗುವೂ ಬಂತು. ನಗು ಅರ್ಧಕ್ಕೇ ನಿಂತಿತು.

ಮುಂದಿನ ಗುರುವಾರ ಮುತ್ತುರಾಜ್ ಬೋಗುಣಿಯನ್ನು ಒಪ್ಪಿಸಲು ಬಂದ. ಅದು ಇಲ್ಲೇ ಇರಲಿ, ಹೇಗೆ ನೋಡಿಕೊಳ್ಳಬೇಕೆಂದು ಹೇಳುತ್ತೇನೆ ಎಂದ. ಕೊನೆಯ ಸಲ ಎಲ್ಲ ಸರಿಯಾಗಿದೆಯೇ ಎಂದು ನೋಡಲು ಒಂದು ಕಣ್ಣು ಬೇಕಿತ್ತು. ಅವಳು ಹೋಗಿ ಕೂತಳು.

ಆದರೆ ಅವನು ಆವತ್ತು ಎಂದಿಲ್ಲದ ಎಚ್ಚರ ವಹಿಸಿದ. ಹೋದ ವಾರದಂತಾಗಬಾರದೆಂದು ತಾನೇ ಹನಿಯ ಸೀಸೆ ಕೊಟ್ಟು, ಎದುರಿಗೇ ಹಾಕಿಕೊಳ್ಳಲು ಹೇಳಿದ. ಕಿಟಕಿ ಮುಚ್ಚಿದ. ಫ್ಯಾನ್ ಆರಿಸಿದ. ಹೆಚ್ಚಾದ ಹನಿ ಇಳಿದುಹೋಗಲಿ ಎಂದು ಹತ್ತು ನಿಮಿಷ ಕಾದ. ಹೊರಗೆ ಬೀದಿಯಲ್ಲಿ ಯಾರೋ ಚಾಪೆ ಮಾರಿಕೊಂಡು ಹೋಗುತ್ತಿದ್ದರು.

ಆಮೇಲೆ ತಣ್ಣನೆಯ ಬೆಳಕು ಹೊತ್ತಿಸಿ, ಮಸೂರಕ್ಕೆ ಕಣ್ಣಿಟ್ಟ.

"ಮಿಟುಕಿಸ್ಬೇಡಿ."

ಬಣ್ಣ ಹರಡಿತು. ಚೆಂದದ ಬಣ್ಣ. ಎಂಟಾಯಿತು. ಹತ್ತಾಯಿತು. ಹದಿನೈದಾಯಿತು. ಎಲ್ಲೂ ಹರಿಯಲಿಲ್ಲ. ಇಷ್ಟು ತಿಂಗಳ ಶಾಖವೂ ಈಗಿನ ಹನಿಯೂ ಸೇರಿ ಪದರ ಗಟ್ಟಿಯಾಗಿ ನಿಂತಿತ್ತು. ಒಂದು ಚುಕ್ಕೆಯಷ್ಟೂ ಒಣನೆಲವಿಲ್ಲ.

ಅವನಿಗೆ ಖುಷಿಯಾಯಿತು. ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಕೆಳರೆಪ್ಪೆಯ ಅಂಚಿನಲ್ಲಿ ನೀರು ಏರತೊಡಗಿತು. ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುವವನಿಗೆ ಅದು ಕೆರೆ ತುಂಬಿದ ಹಾಗೆ ಕಂಡಿತು. ಏರಿತು, ಅಂಚಿಗೆ ಬಂತು, ಒಡೆದು ಇಳಿಯಿತು. ಮತ್ತೆ ಏರಿತು.

ಮುತ್ತುರಾಜ್ ಬೆಳಕನ್ನು ಇನ್ನಷ್ಟು ಇಳಿಸಿದ. ನೀರು ನಿಲ್ಲಲಿಲ್ಲ. ಪೂರ್ತಿ ಆರಿಸಿದ. ಮಬ್ಬಿನಲ್ಲಿ ಅವಳ ಕೆನ್ನೆ ಹೊಳೆಯುತ್ತಲೇ ಇತ್ತು.

ಗಾಳಿಯಿಲ್ಲ. ಬೆಳಕಿಲ್ಲ. ಉರಿಯಿಲ್ಲ. ಯಂತ್ರ ಕಲಿಸಿದ ಕಾರಣಗಳನ್ನೆಲ್ಲ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ಕೊನೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ.

"ಕಣ್ಣು ಒಣಗಿಲ್ಲ," ಎಂದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

"ಗೊತ್ತು."

"ಹಾಗಾದ್ರೆ..."

ಅವಳು ಗಲ್ಲ ಎತ್ತಲಿಲ್ಲ. ಪಟ್ಟಿಗೆ ಒತ್ತಿದ ಹಣೆಯನ್ನೂ ತೆಗೆಯಲಿಲ್ಲ. ಆ ಕಬ್ಬಿಣದ ಚೌಕಟ್ಟು ಹಿಡಿದುಕೊಂಡಿರದಿದ್ದರೆ ಮುಂದಿನ ಮಾತು ಬರುತ್ತಲೇ ಇರಲಿಲ್ಲ.

"ಹೋದ ಗುರುವಾರದ್ದೂ ಇದೇ," ಎಂದಳು.

ಮುತ್ತುರಾಜ್ ಎದ್ದು ನಿಂತ. ಮತ್ತೆ ಕೂತ. ಏನು ಮಾಡಬೇಕೋ ತಿಳಿಯದೆ ಬೋಗುಣಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದ. ಐದು ತಿಂಗಳು ಪ್ರತಿ ವಾರ ನೋಡಿದ ಕಣ್ಣು. ಅದರ ಎಣ್ಣೆ ಗೊತ್ತು, ನೀರು ಗೊತ್ತು, ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ಗೊತ್ತು...

"ಅಷ್ಟು ಹತ್ತಿರದಿಂದ ಕಣ್ಣು ನೋಡ್ದೆ," ಎಂದ ಕೊನೆಗೆ. "ಒಂದು ಸಲ ಹಿಂದೆ ಸರಿದು ಮುಖ ನೋಡ್ಲಿಲ್ಲ. ನನ್ನಂಥ ದಡ್ಡ ಇಲ್ಲ."

"ಇದ್ದಾಳೆ. ಹನಿ ಹಾಕ್ಕೊಂಡಿಲ್ಲ ಅಂತ ಸುಳ್ಳು ಹೇಳಿದವಳು."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು, ತಾನು ಒಪ್ಪಿ ಪತ್ರ ಹಾಕಿಬಿಟ್ಟಿರುವೆನೆಂದೂ, ಅವಳು ಬೇಡವೆಂದರೆ ಈಗಲೂ ಹೋಗುವುದಿಲ್ಲವೆಂದೂ ಹೇಳಿದ. ಅವಳು ಬೇಡವೆನ್ನಲಿಲ್ಲ. ಕಲಬುರಗಿಯಲ್ಲೂ ಒಣಗಣ್ಣಿನವರು ಇರುತ್ತಾರೆ, ಅವರಿಗೂ ಯಾರೋ ಸುಳ್ಳು ಬರೆದುಕೊಡುತ್ತಿರುತ್ತಾರೆ ಎಂದಳು.

"ನಾನೂ ಬರ್ತೀನಿ," ಎಂದಳು.

"ನಾನು ಯಾರು ಅಂತ ಗೊತ್ತಿದ್ದೂ?"

"ಗೊತ್ತಿರೋದಕ್ಕೇ."

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಮನೆಗೆ ಬಂದ. ಕೇಳದೆ ಕರೆದುಕೊಂಡು ಹೋಗುವ ಪೈಕಿ ಅವನಲ್ಲ. ವೆಂಕಟಾಚಲ ಅವನನ್ನು ಜಗಲಿಯಲ್ಲೇ ನಿಲ್ಲಿಸಿಕೊಂಡು ಮಾತಾಡಿದ. ಹೆಸರು ಕೇಳಿದ. ಊರು ಕೇಳಿದ. ಅಪ್ಪನ ಕೆಲಸ ಕೇಳಿದ. ಅಷ್ಟು ಸಾಕಾಯಿತು. ಕೂತುಕೊಳ್ಳಿ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ. ಕೈಯಲ್ಲಿದ್ದ ಪೇಪರನ್ನು ನಾಲ್ಕಾಗಿ ಮಡಿಸಿ ಒಳಗೆ ಬಂದ.

ಕೂಗಾಡಿದ್ದರೆ ರಂಗನಾಯಕಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಮೆಲ್ಲಗೆ ಮಾತಾಡಿದ. ಈ ಹೊಸ್ತಿಲು ದಾಟಿದರೆ ಈ ಮನೆಯಲ್ಲಿ ನಿನ್ನ ಹೆಸರು ಎತ್ತುವುದಿಲ್ಲ, ತೀರ್ಮಾನ ನಿನ್ನದು ಎಂದ. ಹೊಸದಾಗಿ ಅವಳಿಗೆ ತೀರ್ಮಾನವೊಂದನ್ನು ಬಿಟ್ಟುಕೊಟ್ಟ ಹಾಗೆ.

ಅವಳು ಕಾದಳು. ಇನ್ನೊಂದು ಮಾತು ಬರಬಹುದೆಂದು ನಿಜವಾಗಿಯೂ ಕಾದಳು. ಹೋಗಬೇಡ ರಂಗು, ನೀನಿಲ್ಲದೆ ಮನೆ ಮನೆಯಲ್ಲ... ಅಂಥದ್ದೇನಾದರೂ. ಅಮ್ಮ ಇದ್ದಾಗ ಇದೇ ಅಣ್ಣ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೋಟೆಯ ಮೈದಾನದ ಸುತ್ತ ತಿರುಗಿಸುತ್ತಿದ್ದ.

ಮಾತು ಬಂತು. ಶೈಲಜಮ್ಮನದು.

"ನಾಳೆ ಐದು ಗಂಟೆಗೆ ಕಾವೇರಿ ನೀರು ಬಿಡ್ತಾರೆ. ಹಿಡಿಯೋರು ಯಾರು?"

ರಂಗನಾಯಕಿ ಅತ್ತಿಗೆಯ ಮುಖ ನೋಡಿದಳು. ಅಲ್ಲಿ ದ್ವೇಷವಿರಲಿಲ್ಲ. ನಿಜವಾದ ಚಿಂತೆ ಇತ್ತು. ನೀರಿನದು. ಇಷ್ಟು ವರ್ಷ ತಾನು ಈ ಮನೆಯಲ್ಲಿ ಏನಾಗಿದ್ದೆ ಎಂದು ಆ ಒಂದು ಪ್ರಶ್ನೆಯಲ್ಲಿ ಅವಳಿಗೆ ತಿಳಿದುಹೋಯಿತು.

"ಅಲಾರಂ ಇಟ್ಕೊಳ್ಳಿ ಅತ್ತಿಗೆ," ಎಂದಳು.

ಹಿಂದಿನ ಕೋಣೆಗೆ ಹೋಗಿ ನಾಲ್ಕು ಸೀರೆ, ಓದಿದ ಸರ್ಟಿಫಿಕೇಟುಗಳು, ಅಮ್ಮನ ಒಂದು ಫೋಟೋ ಚೀಲಕ್ಕೆ ಹಾಕಿಕೊಂಡಳು. ಅಷ್ಟೇ ಇದ್ದದ್ದು. ದೀಪ್ತಿ ಬಾಗಿಲ ಸಂದಿಯಲ್ಲಿ ನಿಂತಿತ್ತು. ಅದರ ತಲೆ ಸವರಿ, ಜಡೆಯ ರಿಬ್ಬನ್ ಬಿಗಿ ಮಾಡಿ, ನಡುಮನೆ ದಾಟಿದಳು. ಜಗಲಿ ದಾಟಿದಳು.

ಮುತ್ತುರಾಜ್ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ. ಅವಳ ಕೈಯಲ್ಲಿ ಚೀಲ ನೋಡಿ ಅವನ ಮುಖ ಬಿಳುಚಿಕೊಂಡಿತು. ಇವತ್ತೇ ಎಂದು ಅವನು ಅಂದುಕೊಂಡಿರಲಿಲ್ಲ. ಮಾರಕ್ಕನ ಮನೆಗೆ ಹೋಗೋಣ ಎಂದ. ತಾನು ಕೆಲಸಕ್ಕೆ ಸೇರಿ ಬರುವವರೆಗೆ, ಮದುವೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಡಬೇಕಾದ ನೋಟಿಸಿನ ತಿಂಗಳು ಮುಗಿಯುವವರೆಗೆ ಅಲ್ಲಿರಬಹುದು, ಅಕ್ಕನಿಗೆ ಎಲ್ಲ ಹೇಳಿದ್ದೇನೆ ಎಂದ. ಅವಳು ತಲೆಯಾಡಿಸಿದಳು.

ಹಿಂದೆ ಬಾಗಿಲು ಹಾಕಿದ ಸದ್ದಾಯಿತು. ಜೋರಾಗಿ ಅಲ್ಲ. ದಿನವೂ ಹಾಕುವ ಹಾಗೇ.

ಅವಳು ನಡೆಯುತ್ತ ಕಿವಿಗೊಟ್ಟಳು. ಮೂರು ಮನೆ ದಾಟಿತು. ಐದು ಮನೆ. ಯಾರಾದರೂ ಕರೆದಾರು... ತಿರುವಿನವರೆಗೂ ಯಾರೂ ಕರೆಯಲಿಲ್ಲ. ಎದುರುಮನೆಯ ಕಮಲಮ್ಮ ರಂಗೋಲಿಯ ಬಟ್ಟಲು ಹಿಡಿದು ನೋಡುತ್ತ ನಿಂತಿದ್ದರು.

ತಿರುವಿನಲ್ಲಿ ಆಟೋ ನಿಂತಿತ್ತು. ಮುತ್ತುರಾಜ್ ಕೈಯೆತ್ತಲು ಹೋದ.

"ಬೇಡ. ಮಾರ್ಕೆಟ್ ಬಸ್ ಸ್ಟಾಪ್ ತನಕ ನಡ್ಕೊಂಡೇ ಹೋಗೋಣ."

"ಬಿಸಿಲಿದೆ ರಂಗನಾಯಕಿ." ಮೇಡಂ ಎನ್ನುವುದನ್ನು ಅವನು ಮರೆತಿದ್ದ.

"ಇರ್ಲಿ. ಹುಟ್ಟಿದಾಗಿಂದ ಈ ಬೀದೀಲಿ ಓಡಾಡಿದೀನಿ. ಒಂದು ಸಲನಾದ್ರೂ ಪಕ್ಕದಲ್ಲಿ ಯಾರಾದ್ರೂ ಇರ್ಲಿ."

ಅವನು ಅವಳ ಚೀಲವನ್ನು ತೆಗೆದುಕೊಂಡು ಆಚೆ ಕೈಗೆ ಬದಲಿಸಿ, ಈಚೆ ಕೈಯನ್ನು ಖಾಲಿ ಇಟ್ಟುಕೊಂಡ.

"ನಿಧಾನವಾಗೇ ನಡೀಲಾ?" ಎಂದು ಕೇಳಿದ.

"ಹ್ಞೂಂ. ನಿಧಾನವಾಗಿ."

ಅವಳು ಆ ಕೈ ಹಿಡಿದುಕೊಂಡು ನಡೆದಳು. ಆ ಬೀದಿಗೆ ಮತ್ತೆ ಬರಲಿಲ್ಲ.